ಶಿವನಿ ಊರಿಗೆ ಯಂತ್ರ ನೋಡಲು ಹೋದದ್ದು

ಬೆಳಿಗ್ಗೆ ಆರೂವರೆಯ ಬಸ್ಸಿಗೆ ಪಂಚನಹಳ್ಳಿ ಬಿಟ್ಟೆ. ಅಲ್ಲಿ ತೆಂಗಿನ ನಾರಿನಿಂದ ಹಗ್ಗ ಹೊಸೆಯುವ ಕಾರ್ಖಾನೆಯಲ್ಲಿ ಹನ್ನೆರಡು ಹೆಂಗಸರ ಕೆಲಸ ನೋಡಿಕೊಳ್ಳುವವಳು ನಾನು. ಶಿವನಿಯ ಇಂಥದ್ದೇ ಕಾರ್ಖಾನೆಯಲ್ಲಿ ಅಷ್ಟೇ ಜನ ನಮಗಿಂತ ಬಹಳ ಹೆಚ್ಚು ಹಗ್ಗ ತೆಗೆಯುತ್ತಾರೆಂದು ಯಾರೋ ವ್ಯಾಪಾರಿ ನಮ್ಮ ಯಜಮಾನರಾದ ಮರುಳಪ್ಪನವರ ಕಿವಿಗೆ ಹಾಕಿದ್ದರು. ಅವರ ಯಂತ್ರ ಯಾವುದೆಂದು ನೋಡಿ ಬರೆದುಕೊಂಡು ಬಾ ಎಂದು ನನ್ನನ್ನು ಕಳಿಸಿದ್ದರು.

ಹೆಂಗಸರಿಗೆ ಟಿಕೆಟ್ ಇಲ್ಲದ ಬಸ್ಸು. ಕಡೂರಿನವರೆಗೂ ನಿಂತೇ ಹೋದೆ. ಅಲ್ಲಿ ಎರಡು ಇಡ್ಲಿ ತಿಂದು, ಇನ್ನೊಂದು ಬಸ್ಸಿನಲ್ಲಿ ಬೀರೂರು ಸೇರಿ, ಪ್ಯಾಸೆಂಜರ್ ರೈಲು ಹಿಡಿದೆ. ಆಷಾಢದ ಗಾಳಿ ಬಲವಾಗಿತ್ತು. ಅಜ್ಜಂಪುರ ದಾಟಿದ ಮೇಲೆ ಎರಡೂ ಕಡೆ ಈರುಳ್ಳಿ ಹೊಲಗಳು, ಸಾಲಾಗಿ ಕೂತು ಕಳೆ ಕೀಳುವ ಹೆಂಗಸರು. ದಾರಿಯುದ್ದಕ್ಕೂ ನಾನು ಒಂದು ಗುಟುಕೂ ನೀರು ಕುಡಿಯಲಿಲ್ಲ. ಕೆಲಸದ ದಿನ ಹಾಗಿರುವುದೇ ನನಗೆ ಅಭ್ಯಾಸ.

ಶಿವನಿ ನಿಲ್ದಾಣದಿಂದ ಕಾರ್ಖಾನೆಗೆ ಹತ್ತು ನಿಮಿಷದ ನಡಿಗೆ. ಒಡತಿ ಶಮೀಮ್ ಬಾನು, ಐವತ್ತರ ಆಸುಪಾಸಿನವರು. ನಾನು ಬಂದ ಕಾರಣವನ್ನು ನೇರವಾಗಿಯೇ ಹೇಳಿದೆ. ಬೇಸರಪಟ್ಟುಕೊಳ್ಳದೆ ಒಳಗೆ ಕರೆದರು. ಯಂತ್ರ ನೋಡಿ ನಾನು ಪೆಚ್ಚಾದೆ. ನಮ್ಮದೇ ಥರದ್ದು, ನಮ್ಮದಕ್ಕಿಂತ ಹಳೆಯದು. ಆದರೆ ಮೇಲೆ ಎತ್ತರದ ಸೂರು, ಫ್ಯಾನು, ಕೂರಲು ಬೆನ್ನಾನಿಕೆಯ ಕುರ್ಚಿ. ಹಿತ್ತಲಲ್ಲಿ ನಲ್ಲಿಯಿರುವ ಎರಡು ಶೌಚಾಲಯ. ಇನ್ನೊಂದು ಯಂತ್ರಕ್ಕೆಂದು ಕೂಡಿಟ್ಟ ದುಡ್ಡನ್ನು ಇವಕ್ಕೆ ಹಾಕಿದಾಗ ನೆಂಟರೆಲ್ಲ ನಕ್ಕಿದ್ದರಂತೆ.

ಮೂರನೆಯ ಯಂತ್ರದ ಮುಂದೆ ರತ್ನಮ್ಮ ಕೂತಿದ್ದಳು.

ಎರಡು ವರ್ಷದ ಹಿಂದೆ ಅವಳು ನಮ್ಮಲ್ಲಿದ್ದಳು. ಆಗಾಗ ಎದ್ದು ರಸ್ತೆಯಾಚೆಯ ಹೊಂಗೆ ಗಿಡಗಳ ಮರೆಗೆ ಹೋಗಿ ಬಹಳ ಹೊತ್ತಿನ ಮೇಲೆ ಬರುತ್ತಿದ್ದಳು. ಕೈ ನಿಧಾನ, ಮೈಗಳ್ಳಿ ಎಂದು ಯಜಮಾನರಿಗೆ ಹೇಳಿ ಅವಳನ್ನು ಬಿಡಿಸಿದವಳು ನಾನೇ. ಈಗ ನಾರು ಅವಳ ಬೆರಳುಗಳ ನಡುವೆ ನೀರಿನಂತೆ ಹರಿಯುತ್ತಿತ್ತು. ಇಲ್ಲಿ ಎಲ್ಲರಿಗಿಂತ ಚುರುಕಿನ ಕೈ ಅವಳದೇ ಎಂದರು ಶಮೀಮ್ ಬಾನು.

ಚಹಾದ ಹೊತ್ತಿಗೆ ಅವಳ ಪಕ್ಕ ಕೂತೆ. ನಮ್ಮಲ್ಲಿದ್ದಾಗ ಉರಿಮೂತ್ರದಿಂದ ನರಳುತ್ತಿದ್ದಳಂತೆ; ಹೇಳಿಕೊಳ್ಳಲು ನಾಚಿಕೆ. ಇಲ್ಲಿ ಅಣ್ಣನ ಮನೆ ಸೇರಿ, ಆರು ತಿಂಗಳು ಈರುಳ್ಳಿ ಹೊಲದಲ್ಲಿ ಕೂಲಿ ಮಾಡಿ, ಆಮೇಲೆ ಈ ಕೆಲಸ ಹಿಡಿದಳು. ಹೊಸೆದಷ್ಟಕ್ಕೆ ಸಂಬಳ. ಈಗ ಬೇರೆ ಮನೆ ಮಾಡಿ, ಮಗಳನ್ನು ಅಜ್ಜಂಪುರದ ಕಾಲೇಜಿಗೆ ಸೇರಿಸಿದ್ದಾಳೆ.

"ನನ್ ಕೈ ಅವತ್ತೂ ಇವೇ ಕಣಕ್ಕಾ," ಅಂದಳು. "ನೀರ್ ಕುಡ್ಯಂಗಿರ್ಲಿಲ್ಲ, ಅಷ್ಟೇಯ."

ನಮ್ಮಲ್ಲಿ ಶೌಚಾಲಯವಿಲ್ಲದ್ದರಿಂದ ನಾನೂ ಏಳು ವರ್ಷದಿಂದ ಹಾಗೆಯೇ ಬಾಯಿ ಒಣಗಿಸಿಕೊಂಡು ದುಡಿದವಳು. ಆದರೂ ಅವಳನ್ನು ಮೈಗಳ್ಳಿ ಅಂದಿದ್ದೆ.

"ನಾನ್ ತಪ್ಪು ಮಾಡ್ದೆ ರತ್ನಮ್ಮ," ಅಂದೆ.

ಅವಳು ನೀರಿನ ಲೋಟವನ್ನು ನನ್ನ ಕಡೆ ಸರಿಸಿದಳು. ಎರಡು ಲೋಟ ಕುಡಿದೆ.

ಸಂಜೆಯ ಹೊತ್ತಿಗೆ ಊರು ಸೇರಿದೆ. ಮರುಳಪ್ಪನವರು ಕಾರ್ಖಾನೆಯ ಬಾಗಿಲಲ್ಲೇ ಕಾಯುತ್ತಿದ್ದರು. ಕಂಡದ್ದನ್ನೆಲ್ಲ ಹೇಳಿದೆ.

"ಕಕ್ಕಸಿಗೂ ಹಗ್ಗಕ್ಕೂ ಏನಮ್ಮಾ ಸಂಬಂಧ?" ಅಂದರು.

ಬೆಳಿಗ್ಗೆ ಬಂದವರು ಮನೆಗೆ ಹೋಗುವವರೆಗೆ ಇಲ್ಲಿ ಯಾರೂ ನೀರು ಮುಟ್ಟುವುದಿಲ್ಲ, ನಾನೂ ಮುಟ್ಟುವುದಿಲ್ಲ ಎಂದು ಮೊದಲ ಸಲ ಬಾಯಿಬಿಟ್ಟೆ. ಅವರು ಕುರ್ಚಿ, ಫ್ಯಾನಿನ ಮಾತು ಆಮೇಲೆ ನೋಡೋಣ ಎಂದಷ್ಟೇ ಹೇಳಿ ಹೊರಟರು.

ಮಾರನೆಯ ದಿನ ಗಾರೆ ಕೆಲಸದವನನ್ನು ಕರೆದುಕೊಂಡೇ ಬಂದರು. ಶೌಚಾಲಯದ ಜಾಗ ಎಲ್ಲಿ ಎಂಬುದಕ್ಕೆ ಹನ್ನೆರಡು ಹೆಂಗಸರೂ ಹನ್ನೆರಡು ಮಾತಾಡಿ, ಕೊನೆಗೆ ರಸ್ತೆಗೆ ಕಾಣದ ಮೂಲೆಯೊಂದನ್ನು ಆರಿಸಿದರು. ಅವನು ಅಲ್ಲೇ ಸುಣ್ಣದ ಗೆರೆ ಎಳೆದ.

ವಾಪಸ್ ಬರುತ್ತೀಯಾ ಎಂದು ರತ್ನಮ್ಮನಿಗೆ ಫೋನ್ ಮಾಡಿದೆ. ಅವಳು ಒಪ್ಪಲಿಲ್ಲ. ಆದರೆ ಇಲ್ಲಿನ ಸುದ್ದಿ ಕೇಳಿ ಖುಷಿಪಟ್ಟಳು.

"ಚಿಲಕ ಒಳಗಡೆಯಿಂದ ಹಾಕ್ಸಿ ಅಕ್ಕ," ಅಂದಳು. "ಗಂಡಸ್ರು ಅದನ್ನ ಮರ್ತ್‌ಬಿಡ್ತಾರೆ."