ಚಂದ್ರಾಮ ನೋಡಿದ ನೆಲ

ಮೂವತ್ತೆರಡು ವರ್ಷ ನಾನು ಚಿತ್ತಾಪುರದ ಒಂದು ಶಾಲೆಯಲ್ಲಿ ಚಿತ್ರಕಲೆ ಕಲಿಸಿದೆ. ನನ್ನ ವಿದ್ಯಾರ್ಥಿಗಳಲ್ಲಿ ವಕೀಲರಿದ್ದಾರೆ, ಕಂಡಕ್ಟರುಗಳಿದ್ದಾರೆ, ಸಿಮೆಂಟ್ ಕಾರ್ಖಾನೆಯ ಫಿಟ್ಟರುಗಳಿದ್ದಾರೆ. ಚಿತ್ರಕಾರ ಮಾತ್ರ ಒಬ್ಬನೂ ಇಲ್ಲ. ಇಷ್ಟು ದೊಡ್ಡ ಸಾಧನೆ ಮಾಡಿದವನನ್ನು ಮನೆಯಲ್ಲಿ ಸುಮ್ಮನೆ ಕೂಡಿಸಬಾರದೆಂದು, ನಿವೃತ್ತಿಯಾದ ಕೂಡಲೇ ಹೊಳಿ ವಾಡೆಯ ಕಮಿಟಿಗೆ ನನ್ನನ್ನು ಸೇರಿಸಿಕೊಂಡರು.

ಹೊಳಿ ವಾಡೆ ಎಂದರೆ ದಂಡೋತಿಯಿಂದ ಸ್ವಲ್ಪ ಆಚೆ, ಕಾಗಿಣಾ ನದಿಯ ದಂಡೆಯ ಮೇಲಿರುವ ಹಳೆಯ ದೇಸಾಯರ ಮನೆ. ದೇಸಾಯರ ಮಕ್ಕಳು ಹೈದರಾಬಾದ್ ಸೇರಿದ ಮೇಲೆ ಅದರ ದೊಡ್ಡ ಪಡಸಾಲೆಯಲ್ಲಿ ಚಿತ್ರಗಳನ್ನು ತೂಗುಹಾಕಿ ಮ್ಯೂಸಿಯಂ ಮಾಡಿದ್ದಾರೆ. ಕಿಟಕಿ ತೆಗೆದರೆ ಕೆಳಗೆ ನೀರು. ಗೋಡೆಯ ಮೇಲೆ ದೇಸಾಯರ ಮೂರು ತಲೆಮಾರಿನ ಮೀಸೆಗಳು. ನದಿ ಕಡೆಯ ಮೂಲೆಯಲ್ಲಿ, ಒಂದು ಸ್ಟ್ಯಾಂಡಿನ ಮೇಲೆ, ನಾನೇ ಬರೆದ ‘ಕಾಗಿಣಾ ಸೂರ್ಯಾಸ್ತ’. ಕಮಿಟಿಯಲ್ಲಿ ಇದ್ದುದರಿಂದ ಅದಕ್ಕೆ ಜಾಗ ಸಿಕ್ಕಿತು. ಅದರ ಮುಂದೆ ನಿಲ್ಲುವವರೆಲ್ಲ ಪಕ್ಕದ ಕಿಟಕಿಯ ಗಾಳಿಗೆ ಬಂದವರು.

ಹೋದ ಮಳೆಗಾಲ ಹೊಳೆ ತುಂಬಿ ಪಡಸಾಲೆಗೂ ನೀರು ನುಗ್ಗಿತು. ಹೊಳೆ ಇಳಿಯಿತು, ಒಳಗಿನ ನೀರು ನಾಲ್ಕು ದಿನವಾದರೂ ಇಳಿಯಲಿಲ್ಲ. ಎರಡು ಹಳೆಯ ಚಿತ್ರಗಳು ತೇವ ಕುಡಿದು ಉಬ್ಬಿ ಹಾಳಾದವು. ಕಾರಣ ಹುಡುಕಲು ಕಮಿಟಿ ನನಗೆ ಹೇಳಿತು. ನಾನು ಛತ್ರಿ ಹಿಡಿದು ಒಂದು ಸುತ್ತು ಹಾಕಿ, ‘ನೆಲ ಹಾಸಿದವನಿಗೆ ಕೆಲಸ ಬರುತ್ತಿರಲಿಲ್ಲ, ಹಳೆಯ ಫರಸಿ ಕಲ್ಲು ಕಿತ್ತು ಟೈಲ್ಸ್ ಹಾಕಿಸತಕ್ಕದ್ದು’ ಎಂದು ಎರಡು ಪುಟ ಬರೆದುಕೊಟ್ಟೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಪಾಪ, ಅವಳು ಕುಣಿಯಲಿಕ್ಕಾದರೂ ಎದ್ದಿದ್ದಳು.

ಫರಸಿ ಕೀಳುವ ಕೆಲಸಕ್ಕೆ ಶಹಾಬಾದದಿಂದ ಬಂದವನೇ ಚಂದ್ರಾಮ. ವಯಸ್ಸು ಅರವತ್ತೆರಡು. ಕಲ್ಲು ಬಿದ್ದು ಎಡಗೈ ಹೆಬ್ಬೆರಳಿನ ಉಗುರು ಹೋಗಿದೆ. ವಾಡಿ, ಸೇಡಂ, ಚಿಂಚೋಳಿಯ ಎಷ್ಟೋ ಮನೆಗಳ ನೆಲ ಅವನ ಕೈಯದು. ಯಾರ ಮನೆಗೆ ಹೋದರೂ ಮೊದಲು ಕೆಳಗೆ ನೋಡುವ ಚಟ. ಹೆಣ್ಣು ನೋಡಲು ಹೋದಾಗಲೂ ಅಷ್ಟೇ. ಹುಡುಗಿ ಹೇಗಿದ್ದಾಳೆ ಎಂದು ಹಿರಿಯರು ಕೇಳಿದರೆ, “ಫರಸಿ ಭಾಳ ಛಂದ ಹಾಸ್ಯಾರ” ಎಂದಿದ್ದನಂತೆ. ಆ ಹುಡುಗಿ ಕರುಣಾಳೇ ಈಗ ಅವನ ಹೆಂಡತಿ, ಇವತ್ತಿಗೂ ಅದನ್ನೇ ಹೇಳಿ ಆಡಿಕೊಳ್ಳುತ್ತಾಳೆ. ಇದೆಲ್ಲ ನನಗೆ ತಿಳಿದದ್ದು ಆಮೇಲೆ.

ಅವತ್ತು ಅವನು ವಾಡೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತ. “ಹಾಕ್ಕೊಂಡೇ ಬಾರಪ್ಪ, ಇಲ್ಲಿ ನಡೀತದ,” ಎಂದೆ. ಬಿಟ್ಟೇ ಬಂದ.

ಕೇಳುವವರು ಸಿಕ್ಕರೆ ನಾನು ಬಿಡುವ ಪೈಕಿ ಅಲ್ಲ. ಒಂದೊಂದೇ ಚಿತ್ರದ ಮುಂದೆ ನಿಲ್ಲಿಸಿ ನೆರಳು ಬೆಳಕಿನ ಮರ್ಮ ವಿವರಿಸಿದೆ. ಚಂದ್ರಾಮ ತಲೆ ಎತ್ತಲೇ ಇಲ್ಲ. ಕಲೆಯ ಮುಂದೆ ಎಂಥ ವಿನಯ ಎಂದು ನನಗೆ ಅಭಿಮಾನ ಉಕ್ಕಿ ಬಂತು. ಅವನು ಬರಿಗಾಲಿನ ಹಿಮ್ಮಡಿಯಿಂದ ಕಲ್ಲುಗಳನ್ನು ಮೆಲ್ಲಗೆ ತಟ್ಟುತ್ತಾ ಬರುತ್ತಿದ್ದ. ನನ್ನ ಸೂರ್ಯಾಸ್ತದ ಹತ್ತಿರ ಬಂದಾಗ ಅವನ ಕಣ್ಣಲ್ಲಿ ನಿಜವಾಗಿ ನೀರಿತ್ತು. ಸಮಾಧಾನ ಹೇಳಲೆಂದು ನಾನು ಅವನ ಭುಜದ ಕಡೆ ಕೈ ಎತ್ತಿದೆ.

“ಸರ, ಈ ನೆಲ ನಮ್ಮಪ್ಪ ಹಾಸಿದ್ದದರಿ,” ಎಂದ.

ಎತ್ತಿದ ಕೈಯಿಂದ ತಲೆ ಕೆರೆದುಕೊಂಡೆ.

ಅವನ ಅಪ್ಪ ಹಣಮಪ್ಪ ಒಂದು ಬೇಸಿಗೆ ಪೂರ್ತಿ ಮೊಳಕಾಲೂರಿ ಈ ಪಡಸಾಲೆ ಹಾಸಿದ್ದ. ಕೊನೆಯ ಕಲ್ಲು ಕೂಡಿಸಿದ ದಿನ, ನೆಲ ತೊಳೆದ ಮೇಲೆ ನಿಮ್ಮ ಜನ ಒಳಗೆ ಕಾಲಿಡಬಾರದು ಎಂದು ದೇಸಾಯರು ಹೇಳಿ ಕಳಿಸಿದ್ದರು. ಅವನು ಮತ್ತೆ ಈ ನೆಲ ನೋಡಲಿಲ್ಲ. ಆದರೆ ಸಾಯುವ ತನಕ ಮಕ್ಕಳ ಮುಂದೆ ಒಂದೇ ಮಾತು: “ಹೊಸ್ತಿಲದಾಗ ಒಂದು ಕೊಡ ನೀರು ಚೆಲ್ರಿ, ಅದು ತಾನೇ ಹೊಳಿಗಿ ಹೋಗ್ತದ.”

“ಹಾಸಿದವಗ ಕೆಲಸ ಬರ್ತಿರಲಿಲ್ಲ ಅಂತ ಯಾರೋ ಬರದು ಕೊಟ್ಟಾರಂತ. ಕಮಿಟಿಯವರು ಓದಿ ಹೇಳಿದ್ರು,” ಎಂದ ಚಂದ್ರಾಮ. “ಅದು ಖರೆ ಇದ್ದರ ನಾನೇ ಕೀಳ್ತೀನ್ರಿ. ಆದ್ರ ಅಪ್ಪ ನಮಗ ಸುಳ್ಳ ಹೇಳ್ಯಾನೋ ಏನೋ, ಅದೊಂದು ನೋಡಬೇಕಾಗ್ಯದ. ಒಂದು ಕೊಡ ನೀರು ಕೊಡಸ್ತೀರೇನ್ರಿ?”

ಬರೆದುಕೊಟ್ಟವರು ಯಾರೆಂದು ನಾನು ಹೇಳಲಿಲ್ಲ. ಮ್ಯೂಸಿಯಂನಲ್ಲಿ ನೀರು ಚೆಲ್ಲಬಾರದೆಂದು ನಿಯಮವಿದೆ ಎಂದೆ. ನಿಯಮ ಹುಟ್ಟಿದ್ದು ಆಗಲೇ. ಅಷ್ಟರಲ್ಲಿ, ಟಿಕೆಟ್ ಕೊಡುವುದರಿಂದ ಹಿಡಿದು ಕಸ ಹೊಡೆಯುವ ತನಕ ಅಲ್ಲಿನ ಎಲ್ಲ ಕೆಲಸ ಮಾಡುವ ಬಷೀರಾ ತುಂಬಿದ ಕೊಡ ತಂದು ಅವನ ಮುಂದಿಟ್ಟಳು.

“ಚೆಲ್ರಿ ಅಣ್ಣಾ, ನಾ ಒರಸ್ತೀನಿ,” ಎಂದಳು.

ಚಂದ್ರಾಮ ಹೊಸ್ತಿಲಲ್ಲಿ ಕೂತು ನೀರು ಬಿಟ್ಟ. ಅದು ಒಂದು ಗಳಿಗೆ ಅಲ್ಲೇ ನಿಂತಿತು. ನನಗೆ ಸಮಾಧಾನವಾಯಿತು, ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆಮೇಲೆ ನೀರು ಹೊರಟಿತು. ಎಡಕ್ಕಾಗಲಿ ಬಲಕ್ಕಾಗಲಿ ಹರಡದೆ, ಮೀಸೆಗಳ ಕೆಳಗೆ ಹಾದು, ಪಡಸಾಲೆ ದಾಟಿ, ನದಿ ಕಡೆಯ ಮೂಲೆಗೆ ಹೋಗಿ ನನ್ನ ಸೂರ್ಯಾಸ್ತದ ಸ್ಟ್ಯಾಂಡಿನ ಕೆಳಗೆ ಮಡುಗಟ್ಟಿತು.

“ಇಲ್ಲೊಂದು ಮೋರಿ ಇರಬೇಕಲ್ರಿ,” ಎನ್ನುತ್ತಾ ಚಂದ್ರಾಮ ಸ್ಟ್ಯಾಂಡ್ ಸರಿಸಿದ. ಗೋಡೆಯ ಬುಡದಲ್ಲಿ ಅಂಗೈಯಗಲ ಸಿಮೆಂಟ್ ಮೆತ್ತಿತ್ತು.

ಎರಡು ವರ್ಷದ ಹಿಂದೆ ಆ ತೂತಿನಿಂದ ಇಲಿ ಬಂದು ನನ್ನ ಚಿತ್ರದ ಚೌಕಟ್ಟು ಕಡಿದಿತ್ತು. ಕಲೆಯ ರಕ್ಷಣೆಗಾಗಿ ನಾನೇ ಎದುರಿಗೆ ನಿಂತು ತೂತು ಮುಚ್ಚಿಸಿದ್ದೆ. “ಸರ, ಅದು ನೀರು ಹೋಗೋ ದಾರಿ ಅದರಿ,” ಎಂದು ಬಷೀರಾ ಹೇಳಿದ್ದಳು. “ನಿನಗೇನು ತಿಳೀತದ ಸುಮ್ಮನಿರು,” ಎಂದು ಗದರಿಸಿದ್ದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಈಗ ಏನೋ ಒಂದು ಸುಳ್ಳು ಹೇಳಿ ಪಾರಾಗಬಹುದಿತ್ತು. ಆದರೆ ಹಸಿ ಸಿಮೆಂಟ್ ಕಂಡರೆ ನನ್ನ ಕೈ ಸುಮ್ಮನಿದ್ದೀತೇ? ಮೊಳೆಯಿಂದ ದುಂಡಗೆ ಕೊರೆದಿದ್ದೆ: ‘ಸಿದ್ದಲಿಂಗೇಶ, ಡ್ರಾಯಿಂಗ್ ಮಾಸ್ತರ’. ಕೆಳಗೆ ತಾರೀಖು ಬೇರೆ.

ಚಂದ್ರಾಮ ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದ. ಓದಿ ನನ್ನ ಕಡೆ ತಿರುಗಿ ಕೇಳಿದ, “ಸರ, ನಿಮ್ಮ ಹೆಸರೇನ್ರಿ?”

“ಈಗ ಓದಿದ್ರಲ್ಲ ಅಣ್ಣಾ, ಅದೇ,” ಎಂದಳು ಬಷೀರಾ.

ಇನ್ನು ಮುಚ್ಚಿಡುವುದೇನಿತ್ತು? “ಆ ಕಾಗದನೂ ನಾನೇ ಬರದೀನ್ರಿ,” ಎಂದೆ. “ನಿಮ್ಮಪ್ಪನ ಕೆಲಸದಾಗ ಏನೂ ತಪ್ಪಿಲ್ಲ. ತಪ್ಪು ನಂದು. ಇವತ್ತೇ ಹಂಗಂತ ಬರದು ಕೊಡ್ತೀನಿ.” ನಾಚಿಕೆ ತಡೆಯಲಾರದೆ, “ನಿಮ್ಮ ಕೆಲಸ ಹೋಯ್ತಲ್ರಿ ಮತ್ತ,” ಎಂದೆ.

“ಹೋಗ್ಲಿ ಬಿಡ್ರಿ. ಅಪ್ಪ ಸುಳ್ಳ ಹೇಳಿರಲಿಲ್ಲ.”

“ಅವರ ಹೆಸರು ಈ ನೆಲದಾಗ ಎಲ್ಲ್ಯಾದ್ರೂ ಕೆತ್ಯಾರೇನ್ರಿ?”

“ಇಲ್ರಿ. ತುಳಿಯೋ ಕಲ್ಲಿನ ಮ್ಯಾಲ ಯಾರು ಹೆಸರು ಬರೀತಾರ?”

ಅವನು ಚೀಲದಿಂದ ಉಳಿ, ಸುತ್ತಿಗೆ ತೆಗೆದ. ತೆಗೆದು ನನ್ನ ಕೈಗೆ ಕೊಟ್ಟ. “ನೀವೇ ಹೊಡೀರಿ ಸರ. ಒಬ್ಬರ ಹೆಸರಿನ ಮ್ಯಾಲ ಉಳಿ ಇಡಲಿಕ್ಕ ನನಗ ಆಗೂದಿಲ್ಲ.”

ಮೊದಲ ಏಟು ನನ್ನ ಹೆಬ್ಬೆರಳಿಗೇ ಬಿತ್ತು. ಎರಡನೆಯದಕ್ಕೆ ‘ಮಾಸ್ತರ’ ಹೋಯಿತು. ‘ಸಿದ್ದಲಿಂಗೇಶ’ ಸ್ವಲ್ಪ ಗಟ್ಟಿ ಇದ್ದ, ಬೆವರು ಇಳಿಸಿದ. ಕೊನೆಗೆ ಮೆತ್ತಿದ್ದ ಸಿಮೆಂಟ್ ಒಡೆದು, ಮೂಲೆಯಲ್ಲಿ ನಿಂತಿದ್ದ ನೀರು ಗಳಗಳನೆ ಮೋರಿಯೊಳಗೆ ಇಳಿಯಿತು. ಚಂದ್ರಾಮ ಕಿಟಕಿಗೆ ಹೋಗಿ ಬಗ್ಗಿ, ಅದು ಕೆಳಗೆ ಹೊಳೆಗೆ ಬೀಳುವುದನ್ನು ನೋಡುತ್ತಾ ನಿಂತ. ತಿರುಗಿದಾಗ ಅವನ ಮುಖದ ಮೇಲೆ ನಗುವಿತ್ತು.

“ಇನ್ನೊಂದು ಕೊಡ ಸಿಗ್ತದೇನ್ರಿ?” ಎಂದು ಕೇಳಿದ. “ಇದನ್ನ ನಮ್ಮಪ್ಪ ಒಮ್ಮೆನೂ ನೋಡಿರಲಿಲ್ಲ.”

ಬಷೀರಾ ಕೈ ಹಾಕುವುದರೊಳಗೆ ಖಾಲಿ ಕೊಡ ಎತ್ತಿಕೊಂಡು ನಾನೇ ನಳದ ಕಡೆ ನಡೆದೆ.