ವನಜಳ ಬಂಗುಡೆ ಹರಕೆ

ಮೂರು ವರ್ಷದ ಹಿಂದಿನ ಆಗಸ್ಟ್ ತಿಂಗಳು. ಮಳೆಗಾಲದ ನಿಷೇಧ ಮುಗಿದು ದೋಣಿಗಳು ಮತ್ತೆ ಕಡಲಿಗೆ ಇಳಿದಿದ್ದವು. ಕುಂದಾಪುರದ ಮೀನು ಮಾರ್ಕೆಟ್ಟಿನಲ್ಲಿ ಎಲ್ಲಿ ನೋಡಿದರೂ ಬಂಗುಡೆ. ನಾನು ಮಾರುತ್ತಿದ್ದೆ, ತಂಗಿ ವನಜ ಪಕ್ಕದಲ್ಲಿ ಕೂತು ಕೊಯ್ದು ಕೊಡುತ್ತಿದ್ದಳು.

ದಿನಾ ಬರುವ ಒಬ್ಬ ಹೆಂಗಸು ಅವಳ ಮುಖ ನೋಡಿ, "ಎಂತ ಹೆಣ್ಣೇ, ಮೊಡವೆ ಇನ್ನೂ ಹೋಯ್ಲಿಲ್ಯಾ? ಮೀನ್ ತಿಂಬುದ್ ಬಿಡ್ ಮಾರಾಯ್ತಿ, ನಂಜ್ ಅದ್" ಅಂದರು.

ವನಜ ಕತ್ತಿ ನಿಲ್ಲಿಸಲಿಲ್ಲ. "ನಾ ಬಿಟ್ಟ್ ಸುಮಾರ್ ವರ್ಷ ಆಯ್ತ್ ಅಕ್ಕ. ಆ ನಂಜೆಲ್ಲ ಈಗ ನಿಮ್ ಚೀಲಕ್ಕೇ ಹಾಕ್ತಾ ಇದ್ದೆ, ಕಾಣಿ" ಅಂದಳು. ಸುತ್ತಲಿನವರೆಲ್ಲ ನಕ್ಕರು. ಆ ಹೆಂಗಸೂ ನಕ್ಕರು. ನಾವು ಹಾಗೆ ನಗುತ್ತಾ ಕೆಲಸ ಮಾಡಿದ ಕೊನೆಯ ದಿನ ಅದು.

ವನಜಳಿಗೆ ಮೂಗಿನ ಎರಡು ಬದಿಗೂ ಕೆನ್ನೆಗೂ ಸಾಸಿವೆ ಕಾಳಿನಂಥ ಕೆಂಪು ಗುಳ್ಳೆಗಳಿದ್ದವು. ಒಂದನೇ ಕ್ಲಾಸಿನಲ್ಲೇ ಶುರುವಾಗಿತ್ತು. ಅಷ್ಟು ಚಿಕ್ಕ ಹುಡುಗಿಗೆ ಮೊಡವೆ ಬರುವುದುಂಟೇ ಎಂದು ನಮಗೆ ಯಾರಿಗೂ ಹೊಳೆಯಲಿಲ್ಲ. ಅರಿಶಿನ, ರಕ್ತಚಂದನ, ಮೆಡಿಕಲ್ ಶಾಪಿನ ಮುಲಾಮು ಎಲ್ಲ ಆಯಿತು. ನಮ್ಮ ಕಡೆ ಮೈಮೇಲೆ ಏನೇ ಎದ್ದರೂ ಮೊದಲು ಮೀನಿನ ನಂಜು ಅನ್ನುತ್ತಾರೆ, ಆಮೇಲೆ ನಾಗನ ಕಡೆ ನೋಡುತ್ತಾರೆ. ಹತ್ತನೇ ಕ್ಲಾಸು ಮುಗಿದ ರಜೆಯಲ್ಲಿ ಅವಳೇ ನಾಗಬನದ ಮುಂದೆ ನಿಂತು, ಮುಖ ಸಮ ಆಗುವ ತನಕ ಮೀನು ತಿನ್ನುವುದಿಲ್ಲ ಎಂದು ಹರಕೆ ಹೇಳಿಕೊಂಡಳು. ಬಂಗುಡೆ ಅಂದರೆ ಪ್ರಾಣ ಬಿಡುತ್ತಿದ್ದವಳು. ಅಮ್ಮ ಸಾರು ಕುದಿಸುವಾಗ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, ಪರಿಮಳ ಎಳೆದುಕೊಂಡು, ಗಂಜಿಗೆ ಮಾವಿನ ಮಿಡಿ ಹಾಕಿಕೊಂಡು ಹೋಗಿ ಊಟಕ್ಕೆ ಕೂರುತ್ತಿದ್ದಳು.

ಆ ವರ್ಷ ಸಾಸ್ತಾನದಿಂದ ಒಂದು ಸಂಬಂಧ ಬಂದಿತ್ತು. ಹುಡುಗನಿಗೆ ಒಪ್ಪಿಗೆ. ಅವನ ಸೋದರತ್ತೆ ಮಾತ್ರ, "ಮುಖ ಒಂದ್ ಡಾಕ್ಟ್ರಿಗೆ ತೋರ್ಸಿ, ಕಡಿಕೆ ಕಾಂಬ" ಎಂದು ಮಾತನ್ನು ಆಮೇಲಕ್ಕೆ ಇಟ್ಟಿದ್ದರು. ಹಾಗಾಗಿ ಮಾರನೇ ದಿನ ಚರ್ಮದ ಡಾಕ್ಟರ ಹತ್ತಿರ ಹೋದೆವು.

ಡಾಕ್ಟರು ಅವಳ ಮುಖವನ್ನು ಬೆಳಕಿಗೆ ತಿರುಗಿಸಿ ತುಂಬ ಹೊತ್ತು ನೋಡಿದರು. "ಇದು ಮೊಡವೆ ಅಲ್ಲಮ್ಮ. ಮೊಡವೆ ಆದರೆ ಕೀವಾಗಿ ಹೋಗುತ್ತೆ, ಬೇರೆ ಕಡೆ ಏಳುತ್ತೆ. ಇದು ಇದ್ದಲ್ಲೇ ಇದೆಯಲ್ಲ?" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಸಣ್ಣವಳಿದ್ದಾಗ ಫಿಟ್ಸ್ ಬಂದಿತ್ತಾ?" ಎಂದು ಕೇಳಿದರು. ಬಂದಿತ್ತು. ಜ್ವರದಿಂದ ಅಂದುಕೊಂಡಿದ್ದೆವು. ಬೆನ್ನ ಮೇಲೆ ಎಲೆಯ ಆಕಾರದ ಬಿಳಿ ಮಚ್ಚೆ ಇದೆಯೇ ಎಂದರು. ಅದೂ ಇತ್ತು. ದೇವರು ಸುಣ್ಣದ ಬೆರಳು ಒರೆಸಿದ್ದು ಎಂದು ಅಮ್ಮ ಹೇಳುತ್ತಿದ್ದರು.

ಇದೆಲ್ಲ ಹುಟ್ಟಿನಿಂದಲೇ ಬರುವ ಒಂದೇ ಕಾಯಿಲೆ, ಮುಖದಲ್ಲಿ ಕಾಣುವಂಥ ಗಂಟುಗಳು ಒಳಗೂ ಇರಬಹುದು, ಹೊಟ್ಟೆಯ ಸ್ಕ್ಯಾನ್ ಇವತ್ತೇ ಮಾಡಿಸಿ ಎಂದರು. ವನಜ ಕೇಳಿದ್ದು ಒಂದೇ ಪ್ರಶ್ನೆ.

"ಡಾಕ್ಟ್ರೇ, ಹಂಗಾರೆ ಬಂಗ್ಡಿ ತಿಂಬುಕ್ ಆತ್ತಾ?"

ಅವರಿಗೆ ನಗು ಬಂತು. "ತಿನ್ನಮ್ಮ, ಧಾರಾಳವಾಗಿ ತಿನ್ನು. ಮೀನಿಗೂ ಇದಕ್ಕೂ ಸಂಬಂಧವೇ ಇಲ್ಲ."

ಸ್ಕ್ಯಾನಿನಲ್ಲಿ ಎಡಗಡೆಯ ಮೂತ್ರಪಿಂಡದಲ್ಲಿ ದೊಡ್ಡ ಗಂಟು ಕಂಡಿತು. ಅದು ಒಡೆದರೆ ಒಳಗೇ ರಕ್ತ ಹೋಗುತ್ತದೆ, ಅದಕ್ಕೂ ಮೊದಲು ಅದಕ್ಕೆ ಹೋಗುವ ರಕ್ತವನ್ನು ನಿಲ್ಲಿಸಬೇಕು ಎಂದು ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿ ಮುಂದಿನ ವಾರಕ್ಕೆ ದಿನ ಕೊಟ್ಟರು.

ಬಸ್ಸಿನಲ್ಲಿ ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. "ಅಕ್ಕಾ, ಸುಮ್ನೆ ಎಷ್ಟ್ ಬಂಗ್ಡಿ ಬಿಟ್ಟೆ ಕಾಣ್ ನಾ" ಅಂದಳು. ನಗುತ್ತಾಳೆ ಅಂದುಕೊಂಡೆ. ಕಣ್ಣಲ್ಲಿ ನೀರಿತ್ತು.

ಮನೆಗೆ ಬಂದಾಗ ಅಮ್ಮ ಸಾರು ಇಳಿಸಿದ್ದರು. ನಾನು ವಿಷಯ ಹೇಳಿ, "ಇವತ್ತ್ ಅವಳಿಗೂ ಬಡ್ಸ್" ಅಂದೆ. ಅಮ್ಮ ಸೌಟು ಹಿಡಿದು ಹಾಗೇ ನಿಂತರು. "ನಾಗನ ಹರಕಿ ಅಲ್ದಾ? ಬಪ್ಪ ಪಂಚಮಿಗೆ ಒಂದ್ ತಂಬಿಲ ಕೊಟ್ಟ್ ಬಿಡ್ಸುವ. ಕಡಿಕೆ ತಿನ್ಲಿ ಮಗು, ಹೊಟ್ಟಿ ತುಂಬ" ಅಂದರು. ನಾಗನಿಗೆ ತಂಬಿಲದ ಪೂಜೆ ಕೊಟ್ಟಲ್ಲದೆ ಇಂಥ ಹರಕೆ ಬಿಡುವಂತಿಲ್ಲ.

ನನಗೆ ಸಿಟ್ಟು ಬಂತು. ವನಜಳೇ ಸಮಾಧಾನ ಮಾಡಿದಳು. "ಇಷ್ಟ್ ವರ್ಷ ಕಾದೆ, ಪಂಚಮಿ ಎಂತ ದೂರ ಇತ್ತಾ? ಅಕ್ಕಾ, ಆ ದಿನ ದೊಡ್ಡದ್ ಆರ್ಸಿ ತಕಂಬಾ. ಮೊಟ್ಟೆ ಇಪ್ಪುದ್."

ಪಂಚಮಿ ಬರಲಿಲ್ಲ. ಅದಕ್ಕೂ, ಆಸ್ಪತ್ರೆಯವರು ಕೊಟ್ಟ ದಿನಕ್ಕೂ ಮೊದಲೇ ಒಂದು ಬೆಳಿಗ್ಗೆ ಬುಟ್ಟಿ ಎತ್ತಲು ಬಗ್ಗಿದವಳು ಪಕ್ಕೆ ಹಿಡಿದು ಕೂತುಬಿಟ್ಟಳು. ಮುಖದ ಬಣ್ಣ ಹೋಗಿ ಆ ಕೆಂಪು ಗುಳ್ಳೆಗಳು ಮಾತ್ರ ಎದ್ದು ಕಾಣುತ್ತಿದ್ದವು. ಮಾರ್ಕೆಟ್ಟಿನವರೇ ಎತ್ತಿ ಕಾರಿಗೆ ಹಾಕಿದರು. ಸಾಸ್ತಾನದ ಟೋಲ್ ದಾಟುವಾಗ, "ಅಕ್ಕಾ, ಮೀನಿಗೆ ಐಸ್ ಹಾಕಿದ್ಯಾ?" ಅಂದಳು. ಹಾಕಿದ್ದೆ ಅಂದೆ. ಆಮೇಲೆ ಅವಳು ಮಾತಾಡಲಿಲ್ಲ. ಆಸ್ಪತ್ರೆಯವರು ಸಂಜೆವರೆಗೆ ರಕ್ತ ಕೊಡುತ್ತಲೇ ಇದ್ದರು. ಉಳಿಯಲಿಲ್ಲ.

ಸತ್ತವರಿಗೆ ಇಷ್ಟವಾದದ್ದನ್ನು ಎಲೆಗೆ ಬಡಿಸುವ ದಿನ ಅಮ್ಮ ಬಂಗುಡೆ ಸಾರಿನ ಪಾತ್ರೆಯನ್ನು ಪಕ್ಕದಲ್ಲಿಟ್ಟುಕೊಂಡು ಕೂತಿದ್ದರು. ಬಡಿಸಲು ಧೈರ್ಯವಿಲ್ಲ. "ಹರಕಿ ಬಿಡ್ಸ್ಲಿಲ್ಲ ಅಲ್ದಾ? ಅಲ್ಲಿ ಹೋದ್ಮೇಲೂ ಅದ್ ತಿಂಬುಕಾಗ ಅಂದ್ ಕೂಕಂಡ್ರೆ?" ಎಂದು ಅತ್ತರು. ಆ ದಿನ ಅವಳ ಎಲೆಗೆ ಬಂಗುಡೆ ಬೀಳಲಿಲ್ಲ. ಸೂತಕ ಕಳೆದ ಮೇಲೆ ಅವಳ ಹೆಸರು ಹೇಳಿ ತಂಬಿಲ ಕೊಟ್ಟೆವು.

ಈಗಲೂ ನಾನು ಅದೇ ಜಾಗದಲ್ಲಿ ಮೀನು ಮಾರುತ್ತೇನೆ. ಯಾರದಾದರೂ ಮಗುವಿನ ಮುಖದಲ್ಲಿ ಹೋಗದೆ ಕೂತ ಗುಳ್ಳೆ ಕಂಡರೆ, ಮೀನು ಬಿಡಿಸಬೇಡಿ, ಡಾಕ್ಟರಿಗೆ ತೋರಿಸಿ ಎನ್ನುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ.

ಪ್ರತಿ ವರ್ಷ ಅವಳ ದಿನಕ್ಕೆ ದೊಡ್ಡ ಬಂಗುಡೆಯನ್ನೇ ಆರಿಸಿ ತರುತ್ತೇನೆ, ಮೊಟ್ಟೆ ಇರುವುದನ್ನು. ಅಮ್ಮ ಎಲೆಗೆ ಮೊದಲು ಅದನ್ನೇ ಬಡಿಸುತ್ತಾರೆ. ಹರಕೆ ಬಿಟ್ಟಾಗಿದೆ. ತಿನ್ನಲು ವನಜ ಇಲ್ಲ.