ಬಲಗಿವಿಗೆ ಹೇಳಿದ ಭೂಗೋಳ

ನಮ್ಮತ್ತೆಯ ಎಡಗಿವಿಯಲ್ಲಿ ಬೆಂಡೋಲೆ ಇತ್ತು, ಆದರೆ ಆ ಕಿವಿ ಕೇಳುತ್ತಿರಲಿಲ್ಲ. ಬಲಗಿವಿ ಬೋಳು, ಕೇಳಿದರೆ ಅದೊಂದೇ ಕೇಳಬೇಕು. ಯಾವಾಗಲೋ ಅದರ ಹಾಲೆ ಹರಿದು ಓಲೆ ನಿಲ್ಲದಾದ ಮೇಲೆ ಅವರು ಹೊಲಿಸುವ ಗೋಜಿಗೆ ಹೋಗಿರಲಿಲ್ಲ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಯಾಕೆ ಹೀಗೆ ಅಂತ ಕೇಳಿದ್ದಕ್ಕೆ, "ಕೆಲಸ ಮಾಡೋ ಕಿವಿಗೆ ಒಡವೆ ಯಾಕ? ಕೂತು ತಿನ್ನೋ ಕಿವಿಗೆ ಹಾಕೀನಲ್ಲ, ಸಾಕು" ಅಂದಿದ್ದರು. ವಯಸ್ಸಾಗುತ್ತ ಆ ಕೆಲಸದ ಕಿವಿಯೂ ಮಂದವಾಯಿತು. ಯಾರಾದರೂ ಮಾತಾಡಿಸಿದರೆ ಅದರ ಹಿಂದೆ ಅಂಗೈಯನ್ನು ಮೊರದ ಹಾಗೆ ಹಿಡಿದು, ಹಣೆಯ ವಿಭೂತಿ ನಮ್ಮ ಮೂಗಿಗೆ ತಾಗುವಷ್ಟು ಹತ್ತಿರ ಬರುತ್ತಿದ್ದರು. ಅಷ್ಟು ಹತ್ತಿರ ಬಂದವರಿಗೆ ಸುಳ್ಳು ಹೇಳುವುದು ಕಷ್ಟ. ನಾನು ಪ್ರಯತ್ನಪಟ್ಟು ನೋಡಿದ್ದೇನೆ.

ನಾನು ಪಿಯುಸಿ ಪಾಸಾದದ್ದು ಆ ಕಿವಿಯಿಂದ.

ದಾವಣಗೆರೆಯ ವಿನೋಬನಗರದ ಒಂದು ಅಂಗನವಾಡಿಯಲ್ಲಿ ನಾನು ಸಹಾಯಕಿಯಾಗಿದ್ದೆ. ಮನೆಮನೆಗೆ ಹೋಗಿ ಮಕ್ಕಳನ್ನು ಕರೆತರುವುದು, ಅನ್ನ ಸಾರು ಮಾಡಿ ಬಡಿಸುವುದು, ಮೂಗು ಒರೆಸುವುದು ನನ್ನ ಕೆಲಸ. ಹಾಡು, ಕಥೆ, ಅಕ್ಷರ ಎಲ್ಲ ಟೀಚರದ್ದು. ಆ ಟೀಚರ್ ನಿವೃತ್ತಿಗೆ ಹತ್ತಿರವಿದ್ದರು. ಅವರ ಜಾಗ ನನಗೆ ಸಿಗಬೇಕಾದರೆ ಪಿಯುಸಿ ಆಗಿರಬೇಕು, ವಯಸ್ಸು ದಾಟಿರಬಾರದು. ಪಿಯುಸಿ ಆಗಿರಲಿಲ್ಲ, ವಯಸ್ಸು ದಾಟಲು ಚಪ್ಪಲಿ ಮೆಟ್ಟಿಕೊಂಡು ನಿಂತಿತ್ತು. ಚಿಂತೆ ಮಾಡುವುದು ಮೊದಲೇ ನನ್ನ ಹುಟ್ಟುಗುಣ. ಬಸ್ ಹತ್ತಿದರೆ ಗ್ಯಾಸ್ ಆರಿಸಿದೆನೋ ಇಲ್ಲವೋ ಅಂತ. ಆರಿಸಿದ್ದು ನೆನಪಾದರೆ ಬಾಗಿಲು ಹಾಕಿದೆನೋ ಇಲ್ಲವೋ ಅಂತ. ಅದರ ಮೇಲೆ ಇದೊಂದು ಸೇರಿತು.

ಮನೆಯಲ್ಲೇ ಓದಿ ಪರೀಕ್ಷೆ ಕಟ್ಟುವ ದೂರಶಿಕ್ಷಣಕ್ಕೆ ಹೆಸರು ಹಚ್ಚಿದೆ. ತರಗತಿ ಅಂತ ಇದ್ದದ್ದು ಹರಿಹರದಲ್ಲಿ, ಕೆಲವು ಭಾನುವಾರ ಮಾತ್ರ. ಮಿಕ್ಕ ಕಾಲೇಜೆಲ್ಲ ನಮ್ಮ ಅಡುಗೆಮನೆ. ಭೂಗೋಳ ಆರಿಸಿಕೊಂಡದ್ದು ಬಸ್ಸಿನಲ್ಲಿ ಪಕ್ಕಕ್ಕೆ ಕೂತಿದ್ದ ಒಬ್ಬ ಹುಡುಗಿಯ ಮಾತು ಕೇಳಿ. "ನಕಾಶೆ ಬರೆದ್ರೆ ಅರ್ಧ ಪಾಸ್ ಆಂಟಿ" ಅಂದಿದ್ದಳು. ನಾನು ಬರೆದ ಭಾರತ ನೋಡಿ ನಮ್ಮನೆಯವರು ಇದು ಯಾವ ತರಕಾರಿ ಅಂತ ಕೇಳಿದರು. ಉಳಿದ ಪಾಠವನ್ನು ಒಲೆ ಮುಂದೆ ನಿಂತು, ತುಟಿ ಅಲ್ಲಾಡಿಸುತ್ತ ಬಾಯಿಪಾಠ ಮಾಡಿದೆ. ಫಲಿತಾಂಶ ಬಂದಾಗ ಬೇರೆಲ್ಲ ವಿಷಯ ದಡ ಮುಟ್ಟಿದ್ದವು, ಭೂಗೋಳ ಮಾತ್ರ ಮುಳುಗಿತ್ತು.

ಸುದ್ದಿ ತಿಳಿದು ಪಕ್ಕದ ಮನೆ ಅಕ್ಕ ಕಾಂಪೌಂಡಿನ ಮೇಲೆ ಗದ್ದ ಊರಿಕೊಂಡು ಸಮಾಧಾನ ಹೇಳಿದರು. "ಭೂಮಿ ತಿರುಗ್ತೈತೆ ಅಂತ ಈಗ ತಿಳ್ಕಂಡು ನಿನಗೆ ಆಗಬೇಕಾದ್ದೇನೈತೆ ಬಿಡು. ಈ ವಯಸ್ನಾಗ ನಮ್ಮ ತಲಿ ತಿರುಗದಿದ್ರೆ ಸಾಕು."

ಒಳಗೆ ಹೋಗಿ ಈರುಳ್ಳಿ ಹೆಚ್ಚುವವಳ ಹಾಗೆ ಕೂತು ಅತ್ತುಬಿಟ್ಟೆ. ನಮ್ಮತ್ತೆ ಬಂದು ಈಳಿಗೆ ಮಣೆ ನೋಡಿದರು.

"ಸೋರೆಕಾಯಿ ಹೆಚ್ಚಿದ್ರೂ ಕಣ್ಣೀರು ಬರ್ತಾವೇನವ್ವ?"

ಮುಂಗೈಯಿಂದ ಕಣ್ಣೊರೆಸಿಕೊಂಡೆ.

"ಫೇಲಾದ್ಯಾ? ಆಗದೇ ಇನ್ನೇನು. ಇಷ್ಟು ದಿನ ಓದಿದಿ, ನನಗೆ ಒಂದಕ್ಷರ ಕೇಳ್ಲಿಲ್ಲ."

"ನಿಮಗೆ ಕೇಳ್ಲಿ ಅಂತ ಓದೋದಲ್ಲ ಅತ್ತೆ."

"ಮತ್ತ ನಿನಗರ ಕೇಳ್ತಾ?"

ಮರುದಿನ ಸಂಜೆ ದೀಪ ಹಚ್ಚಿದ ಮೇಲೆ ಅವರು ಮುಂಬಾಗಿಲ ಮೆಟ್ಟಿಲ ಮೇಲೆ ಹತ್ತಿ ಇಟ್ಟುಕೊಂಡು ಬತ್ತಿ ಹೊಸೆಯಲು ಕೂತರು. ನನ್ನನ್ನು ಬಲಕ್ಕೆ ಕೂಡಿಸಿಕೊಂಡರು. ನಾನು ಒಂದು ಪುಟ ಓದಿ, ಪುಸ್ತಕ ಮಡಚಿ, ಅದರಲ್ಲಿ ಇದ್ದದ್ದನ್ನು ಅವರಿಗೆ ಹೇಳಬೇಕು. ತಿಳಿದರೆ ಅವರ ಬೆರಳು ಹೊಸೆಯುತ್ತ ಹೋಗುತ್ತಿದ್ದವು. ತಿಳಿಯದಿದ್ದರೆ ನಿಂತುಬಿಡುತ್ತಿದ್ದವು. "ನೀನು ಹೇಳಿದ್ದು ನನ್ನ ತಲಿಗೆ ಹತ್ತಲಿಲ್ಲ. ಅಂದ್ರೆ ನಿನ್ನ ತಲಿಗೂ ಹತ್ತಿಲ್ಲ. ಮತ್ತೊಮ್ಮೆ ಹೇಳು." ಶಾಲೆಯ ಮುಖ ನೋಡದ ಹೆಂಗಸು, ಗೊತ್ತಿಲ್ಲದ್ದನ್ನು ಗೊತ್ತು ಅಂತ ತಲೆ ಆಡಿಸುವ ಅಭ್ಯಾಸ ಅವರಿಗೆ ಇರಲಿಲ್ಲ. ಆ ಅಭ್ಯಾಸ ನನಗಿತ್ತು. ಹರಿಹರದ ಭಾನುವಾರಗಳೆಲ್ಲ ಅದರಲ್ಲೇ ಕಳೆದಿದ್ದವು.

ನಮ್ಮನೆಯವರು ಅವರಿಗೆ ಕಿವಿಗೆ ಹಾಕುವ ಮಿಷನ್ ತಂದುಕೊಟ್ಟಿದ್ದರು. ಧಾರಾವಾಹಿ ನೋಡುವಾಗ, ಪಕ್ಕದ ಮನೆಯಲ್ಲಿ ಜಗಳ ಶುರುವಾದಾಗ ಅದು ತಪ್ಪದೆ ಕಿವಿಯಲ್ಲಿರುತ್ತಿತ್ತು. ನಾನು ಪುಸ್ತಕ ತೆಗೆದ ಕೂಡಲೇ ಅದನ್ನು ಕಿತ್ತು ವಿಭೂತಿ ಡಬ್ಬಿಯಲ್ಲಿ ಇಡುತ್ತಿದ್ದರು. ಸೆಲ್ ಉಳಿಸುತ್ತಾರೆ ಅಂದುಕೊಂಡಿದ್ದೆ. ಗಂಟಲು ಕಟ್ಟಿದ ಒಂದು ದಿನ ತಡೆಯಲಾರದೆ ಕೇಳಿದೆ.

"ಮಿಷನ್ ಹಾಕ್ಕಳ್ರಿ ಅತ್ತೆ. ನಾನು ಸಾಯ್ತೀನಿ ಕೂಗಿ ಕೂಗಿ."

"ಹಾಕ್ಕಂಡ್ರೆ ನೀನು ಮೆತ್ತಗ ಹೇಳ್ತಿ. ಮೆತ್ತಗ ಹೇಳೋದೆಲ್ಲ ನಿನಗೆ ಗೊತ್ತಿಲ್ಲದ್ದು" ಅಂದರು. "ಗೊತ್ತಿದ್ದಾಗ ನೀನು ಹೆಂಗೆ ಒದರ್ತಿ ಅಂತ ನನಗೆ ಗೊತ್ತೈತೆ. ನಿನ್ನ ಗಂಡನ್ನ ಕೇಳು."

ಹಾಗಾಗಿ ಒದರಿದೆ. ನಮ್ಮ ಓಣಿ ಅಗಲವಿಲ್ಲ. ಒಂದು ಆಟೋ ಬಂದರೆ ಇನ್ನೊಂದು ಹಿಂದಕ್ಕೆ ಹೋಗಬೇಕು. ಅಂಥ ಓಣಿಯಲ್ಲಿ ಕಬ್ಬಿಣದ ಅದಿರು, ಬಂದರು, ಕಪ್ಪು ಮಣ್ಣು ಎಲ್ಲ ಮನೆಮನೆಗೂ ನುಗ್ಗಿದವು. ಎದುರಿನ ಮಂಡಕ್ಕಿ ಅಂಗಡಿಯವರು ಮಿರ್ಚಿ ಎತ್ತುವ ಜಾಲರಿ ಹಿಡಿದುಕೊಂಡೇ ಕೂಗಿ ಕೇಳುತ್ತಿದ್ದರು. "ಅಕ್ಕಾರೆ, ನಿನ್ನೆ ರೈಲ್ವೆ ವಲಯದ ತನಕ ಬಂದಿತ್ತು. ಹುಬ್ಬಳ್ಳಿ ಬರೋ ಹೊತ್ತಿಗೆ ಸರಿಯಾಗಿ ಗಿರಾಕಿ ಬಂದ. ಮುಂದ ಏನಾತ್ರಿ?" ಇನ್ನೊಂದು ಸಂಜೆ ಅದಿರು ಸಿಗುವ ಊರು ಹೇಳುತ್ತ ನಾನು ತಡವರಿಸಿದಾಗ, ಕಾಂಪೌಂಡಿನ ಆಚೆಯಿಂದ ಸಿಟ್ಟಿನ ದನಿ ಬಂತು: "ಬಳ್ಳಾರಿ! ದಿನಾ ಬಳ್ಳಾರಿ ಬಿಡ್ತಿ ನೋಡು ನೀನು!" ಪಕ್ಕದ ಮನೆ ಅಕ್ಕ.

ಹೀಗೆ ನಡೆದಿರುವಾಗ ವಲಸೆಯ ಪಾಠ ಬಂತು. ಜನ ಯಾಕೆ ಊರು ಬಿಡುತ್ತಾರೆ ಅನ್ನುವುದು. ಕೆಲಸ, ಓದು, ನೀರು ಅಂತ ಕೂಗುತ್ತ ಹೋದೆ. "ಹೆಣ್ಣುಮಕ್ಕಳ ವಲಸೆಗೆ ಮುಖ್ಯ ಕಾರಣ ಮದುವೆ" ಅಂದಾಗ ಬತ್ತಿ ನಿಂತಿತು. ತಿಳಿದಿಲ್ಲ ಅಂದುಕೊಂಡು ಮತ್ತೊಮ್ಮೆ ಕೂಗಿದೆ.

"ಕೇಳ್ತು. ಹಂಗಂತ ಪುಸ್ತಕದಾಗ ಬರದಾರಾ? ತೋರ್ಸು."

ತೋರಿಸಿದೆ. ಓದಲು ಬಾರದ ಆ ಸಾಲಿನ ಮೇಲೆ ಬೆರಳಿಟ್ಟು ಈ ತುದಿಯಿಂದ ಆ ತುದಿಗೆ ಎಳೆದರು.

"ಹಂಗಾದ್ರೆ ಕಡರನಾಯಕನಹಳ್ಳಿಯಿಂದ ನಾನು ಈ ಊರಿಗೆ ಬಂದೆನಲ್ಲ, ಅದೂ ಇದ್ರಾಗ ಐತಾ?"

"ಐತೆ ಅತ್ತೆ."

"ನೀನು ಬಂದಿದ್ದು?"

"ಅದೂ ಐತೆ."

ಮತ್ತೆ ಹತ್ತಿ ಬಿಡಿಸತೊಡಗಿದರು. "ನಮ್ಮಪ್ಪ ನನ್ನ 'ಕೊಟ್ಟೆ' ಅಂತಿದ್ದ. ಇವ್ರು 'ತಂದ್ವಿ' ಅಂತಿದ್ರು. ನಾನು ಬಂದೆ ಅಂತ ಯಾರೂ ಅಂದಿರ್ಲಿಲ್ಲ ನೋಡು" ಅಂದರು. ಆಮೇಲೆ ದಾವಣಗೆರೆಗೆ ಬಂದ ಮೊದಲ ವಾರದ ಕಥೆ ಹೇಳಿದರು. ಮಾವ ಮಿಲ್ಲಿನಲ್ಲಿ ಕೆಲಸಕ್ಕಿದ್ದರಂತೆ. ಮಿಲ್ಲಿನ ಸೈರನ್ ಕೂಗಿದಾಗಲೆಲ್ಲ ಇವರು ಹೌಹಾರಿ ಒಲೆ ಹತ್ತಿರ ಓಡಿ ಕೂರುತ್ತಿದ್ದರಂತೆ. ಊರಿಗೆ ಹೋಗಬೇಕು ಅನ್ನಿಸುತ್ತಿತ್ತಂತೆ, ಕೇಳುವವರು ಯಾರೂ ಇರಲಿಲ್ಲವಂತೆ. ಅವರ ಮನೆಯಲ್ಲಿ ಅಷ್ಟು ವರ್ಷ ಉಂಡಿದ್ದೆ. ನಾನೂ ಒಂದು ದಿನ ಕೇಳಿರಲಿಲ್ಲ.

ಮರುಪರೀಕ್ಷೆ ಹರಿಹರದಲ್ಲಿ. ಬೇಡ ಬೇಡ ಅಂದರೂ ಅವರು ಬಸ್ ಹತ್ತಿದರು. "ನಾನು ದೇವಸ್ಥಾನದಾಗ ಕೂತಿರ್ತೀನಿ. ನೀನು ಮಾತ್ರ ನಿನ್ನ ಬಲಕ್ಕೆ ಕೂತೀನಿ ಅಂತ ತಿಳ್ಕಂಡು ಬರಿ." ಹೇಳಿದ ಮಾತು ಕೇಳುವ ಸೊಸೆ ನಾನು. ಪ್ರಶ್ನೆಪತ್ರಿಕೆಯಲ್ಲಿ ವಲಸೆ ಕಂಡದ್ದೇ ಬಲಕ್ಕೆ ತಿರುಗಿ ಶುರುಮಾಡಿಬಿಟ್ಟೆ, ಮೆಟ್ಟಿಲ ಮೇಲೆ ಒದರುತ್ತಿದ್ದ ಅದೇ ದನಿಯಲ್ಲಿ. ಬಲಕ್ಕೆ ಕೂತಿದ್ದ ಹುಡುಗ ಬಹಳ ಶ್ರದ್ಧೆಯಿಂದ ಬರೆದುಕೊಳ್ಳತೊಡಗಿದ.

ಮೇಲ್ವಿಚಾರಕರು ಓಡಿಬಂದು ನನ್ನ ಉತ್ತರಪತ್ರಿಕೆ ಕಿತ್ತುಕೊಂಡರು. "ಏನ್ರಿ ಅಮ್ಮಾ! ಯಾರಿಗೆ ಹೇಳಿಕೊಡಾಕತ್ತೀರಿ?"

"ನಮ್ಮತ್ತೆಗೆ ಸರ್."

"ಎಲ್ಲದಾರೆ ನಿಮ್ಮತ್ತೆ?"

"ದೇವಸ್ಥಾನದಾಗ ಸರ್."

ಕೋಣೆಯೆಲ್ಲ ನಕ್ಕಿತು. ಟೀಚರ್ ಕುರ್ಚಿ, ವಯಸ್ಸು, ಓಣಿಯ ಜನ ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಕಿವಿಯ ವಿಷಯ, ಮೆಟ್ಟಿಲ ವಿಷಯ ತೊದಲುತ್ತ ಹೇಳಿದೆ. ಆ ಪುಣ್ಯಾತ್ಮರು ನನ್ನ ಮುಖವನ್ನೇ ನೋಡಿದರು. ಮೂಲೆಯ ಬೆಂಚಿಗೆ, ಬಲಗಡೆ ಗೋಡೆ ಬರುವ ಹಾಗೆ ಕೂಡಿಸಿ ಪತ್ರಿಕೆ ವಾಪಸ್ ಕೊಟ್ಟರು. "ಈ ಗೋಡೆಗೆ ಹೇಳ್ಕಂತ ಬರೀರಿ. ತುಟಿ ಅಲ್ಲಾಡ್ಲಿ, ದನಿ ಬರಬಾರ್ದು." ಸುಣ್ಣ ಹಾರಿದ ಆ ಗೋಡೆಗೆ ನಾನು ಭೂಗೋಳವನ್ನೆಲ್ಲ ಹೇಳಿ ಎದ್ದುಬಂದೆ. ಬಳ್ಳಾರಿ ಬಿಡಲಿಲ್ಲ.

ಫಲಿತಾಂಶವನ್ನು ನಮ್ಮ ಟೀಚರೇ ತಮ್ಮ ಮೊಬೈಲಿನಲ್ಲಿ ನೋಡಿ ಹೇಳಿದರು. ಮಕ್ಕಳಿಗೆ ಬಡಿಸುವ ಸೌಟು ಕೈಯಲ್ಲೇ ಇತ್ತು, ಹಾಗೇ ಮನೆಗೆ ಓಡಿದೆ. ಅತ್ತೆ ಮೆಟ್ಟಿಲ ಮೇಲೆ ಇದ್ದರು.

"ಅತ್ತೆ, ಪಾಸಾದೆ!"

"ಏನಂದಿ?" ಅಂಗೈ ಕಿವಿಯ ಹಿಂದೆ ಹೋಯಿತು.

"ಪಾಸಾದೆ ಅತ್ತೆ!"

"ಕೇಳವಲ್ದು. ಜೋರಾಗಿ ಹೇಳು."

ಹೊಟ್ಟೆಯೊಳಗಿನಿಂದ ಕೂಗಿದೆ. ಮಂಡಕ್ಕಿ ಅಂಗಡಿಯವರು ಎಣ್ಣೆಯಲ್ಲಿ ಮಿರ್ಚಿ ಬಿಟ್ಟು ಹೊರಗೆ ಬಂದರು. ಪಕ್ಕದ ಮನೆ ಅಕ್ಕ ಕಾಂಪೌಂಡಿಗೆ ಬಂದು, ನಾವೇ ಪಾಸಾದೆವು ಅನ್ನುವ ಹಾಗೆ ಕೈ ಎತ್ತಿದರು. ಆಗ ಅತ್ತೆಯ ಅಂಗೈ ಇಳಿಯಿತು. ಬಲಗಿವಿಯಲ್ಲಿ ಮಿಷನ್ ಇತ್ತು.

"ಹಾಕ್ಕಂಡೇ ಕೂತೀರಲ್ಲ!"

"ನನಗೆ ಮೊದಲ್ನೇ ಸಲಕ್ಕೇ ಕೇಳ್ತು" ಅಂದರು. "ಓಣಿಗೆ ಕೇಳಬೇಕಲ್ಲವ್ವ."

ಟೀಚರ್ ನಿವೃತ್ತರಾದ ಮೇಲೆ ಆ ಕುರ್ಚಿ ನನ್ನದಾಯಿತು. ಈಗ ಮಕ್ಕಳಿಗೆ ಕಥೆ ಹೇಳಿದ ಮೇಲೆ ಅದೇ ಕಥೆಯನ್ನು ನನಗೆ ಹೇಳಿ ಅನ್ನುತ್ತೇನೆ. ಅಂಗೈ ತಾನಾಗಿ ಕಿವಿಯ ಹಿಂದೆ ಹೋಗುತ್ತದೆ. ಮಕ್ಕಳು ಟೀಚರ್‌ಗೆ ಕಿವಿ ಕೇಳಲ್ಲ ಅಂದುಕೊಂಡಿವೆ. ತಿದ್ದಲು ಹೋಗಿಲ್ಲ.

ಅತ್ತೆ ಹೋದ ವರ್ಷ ತೀರಿಕೊಂಡರು. ಹಾಸಿಗೆ ಹಿಡಿದ ಕೊನೆಯ ದಿನಗಳಲ್ಲಿ ಒಂದು ಮಧ್ಯಾಹ್ನ ವಿಭೂತಿ ಡಬ್ಬಿಯತ್ತ ಕೈ ಮಾಡಿದರು. ವಿಭೂತಿ ತೆಗೆದೆ, ಅದಲ್ಲ ಅಂತ ತಲೆ ಆಡಿಸಿದರು. ಮಿಷನ್ ತೆಗೆದು ಕಿವಿಗೆ ಹಾಕಿದೆ.

"ಒದರೋದು ಬ್ಯಾಡ ಈಗ. ಮೆತ್ತಗ ಏನರ ಹೇಳು."

"ಏನು ಹೇಳ್ಲಿ ಅತ್ತೆ?"

"ನಾನು ಬರೋ ಪಾಠ ಹೇಳು."

ಬಲಕ್ಕೆ ಹೋಗಿ ಕೂತೆ. ಜನ ಯಾಕೆ ಊರು ಬಿಡುತ್ತಾರೆ ಅನ್ನುವುದನ್ನು ಪುಸ್ತಕವಿಲ್ಲದೆ, ಮೊದಲ ಸಲ ಮೆತ್ತಗೆ ಹೇಳಿದೆ. ಒಂದೂ ತಪ್ಪಲಿಲ್ಲ. ಅವರ ಕಣ್ಣು ಮುಚ್ಚಿತ್ತು. ನಿದ್ದೆ ಹತ್ತಿತೇನೋ, ಇಲ್ಲ ಇನ್ನೇನೋ ಅಂತ ನನ್ನ ಎಂದಿನ ಚಿಂತೆ ಶುರುವಾಗಿ ಕೈ ನೋಡಿದೆ. ಹೊದಿಕೆಯ ಅಂಚನ್ನು ಎರಡು ಬೆರಳು ಮೆಲ್ಲಗೆ ಹೊಸೆಯುತ್ತಿದ್ದವು. ತಿಳಿಯುತ್ತಿತ್ತು. ಮುಂದಕ್ಕೆ ಹೇಳಿದೆ.